ಸವಳು ನೀರು ಕುಡಿದ ಜೀಪು

ಮೊನ್ನೆ ಆಳಂದ ಬಸ್ ಸ್ಟ್ಯಾಂಡಿನ ಎದುರು ಒಂದು ಹಳೇ ಜೀಪು ಬಾನೆಟ್ ತೆರಕೊಂಡು ನಿಂತಿತ್ತು. ರೇಡಿಯೇಟರ್ ಕುದ್ದು ಉಕ್ಕಿ, ಕಾದ ತುಕ್ಕಿನ ವಾಸನಿ ರಸ್ತೆತುಂಬ. ಕೈಯಾಗಿನ ಚೀಲ ಇಟ್ಟು ಅಲ್ಲೇ ಕಟ್ಟಿಮ್ಯಾಲ ಕುಂತುಬಿಟ್ಟೆ. ಜೊತಿಗಿದ್ದ ಮಗಳು ಏನಾತವ್ವಾ ಅಂದಳು. ಏನಂತ ಹೇಳಲಿ... ತವರಿನ ಪಕ್ಕದಮನಿ ಕಾಕಾ ನೆನಪಾಗಿದ್ರು.

ನನ್ನ ತವರು ನೆಲೋಗಿ ಕಡೆ ಒಂದು ಸಣ್ಣ ಊರು. ಕರೀ ಎರಿ ನೆಲ. ಮಳಿ ಬಿತ್ತಂದ್ರ ಚಪ್ಪಲಿ ಕೈಯಾಗ, ಬಂಡಿ ಕೊಟ್ಟಿಗ್ಯಾಗ. ಆ ರಾಡಿ ತುಳದು ಡಾಂಬರ ರಸ್ತೆ ಮುಟ್ಟೋದು ನಾಲ್ಕೂ ಗಾಲಿ ಎಳಿಯೋ ಕಾಕಾನ ಜೀಪು ಒಂದ. ಬಸುರಿ, ಬೀಗರು, ಪರೀಕ್ಷಾ ಬರಿಯೋ ಹುಡುಗರು, ಎಲ್ಲಾರಿಗೂ ಅದೇ ಗತಿ.

ದುಡದು ಬಂದ ಎತ್ತಿಗೆ ಮೊದಲು ನೀರು, ಆಮ್ಯಾಲ ಮಂದಿಗೆ. ಇದು ನಮ್ಮೂರ ರೂಢಿ. ಜೀಪಿಗೂ ಅದೇ ಲೆಕ್ಕ ಹಚ್ಚಿದ್ರು. ಯಾರ ಮನಿ ಮುಂದ ನಿಂತರೂ ಆ ಮನಿ ಹೆಣ್ಣುಮಗಳು ಕೊಡ ತಂದು ರೇಡಿಯೇಟರಿಗೆ ಸುರಿಯೋದು. ಬಾವಿ ನೀರು, ಬರೇ ಸವಳು. ಆ ಉಪ್ಪು ಇಂಜಿನ್ನಿಗೆ ನೀರು ತಿರುಗಿಸೋ ಪಂಪನ್ನ ಒಳಗಿಂದೊಳಗ ತಿಂದುಹಾಕತಿತ್ತು. ಪಂಪು ಬದಲಿಸಿ ಬದಲಿಸಿ ಕಾಕಾಗ ಸಾಕಾಗಿತ್ತು.

"ಬ್ಯಾಡ ಅನಾಕ ನಿಮಗ ಬಾಯಿಲ್ಲೇನ್ರಿ?" ಅಂತ ಕಾಕಿ ಬೈತಿದ್ಲು.

"ಕೊಡ ಹೊತ್ತು ಬಂದಾಕಿಗೆ ನೀರು ಬ್ಯಾಡ ಅನಬೇಕಾ? ಸುಮ್ಕಿರು ನೀ," ಅಂತಿದ್ರು ಕಾಕಾ. ಎಂಥಾ ಹುಚ್ಚು ಮನಶಾ!

ನಾ ತವರಾಗಿದ್ದ ಒಂದು ಮಳಿಗಾಲ ಪಂಪು ಮತ್ತ ಸೋರಾಕತ್ತಿತ್ತು. ಕಾಕಾ ಕಲಬುರಗಿಯಿಂದ ಹೊಸಾದು ತಂದಿದ್ರು. ಹಳೇದು ಬಿಚ್ಚಾಕ ಹೋದ್ರ ಬೋಲ್ಟುಗಳು ತುಕ್ಕು ಹಿಡದು ಕಚ್ಚಿಕೊಂಡು ಕುಂತಿದ್ದವು. "ಡೀಸೆಲ್ ಹಚ್ಚೇನಿ, ನೆನೀಲಿ. ನಾಳಿ ಬಿಚ್ಚತೇನಿ," ಅಂದ್ರು. ಮರುದಿನ ಮುಂಜಾನಿ ಕಾಕಿಗೆ ಎದಿನೋವು ಶುರು ಆತು.

ಸೋರೋ ಪಂಪಿನಲೇ ಕಾಕಾ ಜೀಪು ಹೊಂಡಿಸಿದ್ರು. ಹಿಂದಿನ ಸೀಟಿನಾಗ ನನ್ನ ತೊಡಿಮ್ಯಾಲ ಕಾಕಿ ತಲಿ. ಹೆಂಗಾರ ಮಾಡಿ ಜೇವರ್ಗಿ ದವಾಖಾನಿ ಮುಟ್ಟಿದ್ರ ಸಾಕಿತ್ತು. ಅರ್ಧ ದಾರ್ಯಾಗ, ತೊಗರಿ ಹೊಲದ ನಡುವ, ಪಂಪಿನ ಶಾಫ್ಟು ಮುರದು ಇಂಜಿನ್ ಕುದ್ದು ನಿಂತುಬಿಡ್ತು. ಫೋನ್ ಹಚ್ಚಿದ್ರ ಅಂಬುಲೆನ್ಸಿನವ್ರು ಡಾಂಬರ ರಸ್ತೆತನಕ ಬರ್ರಿ ಅಂದ್ರು. ಅಲ್ಲೀತನಕ ಬರಾಕ ಬಂದಿದ್ರ ನಿಮಗ್ಯಾಕ ಫೋನ್ ಹಚ್ಚತಿದ್ವಿ? ಹೊತ್ತುಕೊಂಡು ಹೋಗೋಣಂದ್ರ ಮೊಣಕಾಲಮಟ ರಾಡಿ.

ಕಾಕಾ ಹೊಸಾ ಪಂಪು ಹಿಡಕೊಂಡು ಇಳದ್ರು. ಬೆಲ್ಟು, ಫ್ಯಾನು ಬಿಚ್ಚಿದ್ರು. ಬೋಲ್ಟು ಮಾತ್ರ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಬೋಲ್ಟು ತಿರುವೋ ಪಾನಾ ಜಾರಿ ಅಂಗೈ ಹರೀತು. ನೆತ್ತರಗೈಲೇ ಸುತ್ತಿಗಿ ಹೊಡದು, ತಿರುವಿ, "ಬಾರೋ ನಮ್ಮಪ್ಪ, ಬಾ" ಅಂತ ಕಬ್ಬಿಣಕ್ಕ ಬೇಡಿಕೊಳ್ಳಾಕತ್ತಿದ್ರು. ನಾ ಅಳಕೋತ ಇದ್ದಬಿದ್ದ ದೇವರಿಗೆಲ್ಲಾ ಬೈದೆ. ಮಳಿ ನಿಲ್ಲಲೊಲ್ದು. ಕಾಕಿ ಒಮ್ಮೆ ಕಣ್ಣು ತೆರದು, "ಅವರ ಕೈಗೆ ಏನಾರ ಕಟ್ಟಬೇ," ಅಂದಳು.

ಸೆರಗು ಹರದು ಕಟ್ಟಿಬಂದೆ. ಬಂದು ತಲಿ ಎತ್ತಿ ತೊಡಿಮ್ಯಾಲ ಇಟ್ಟುಕೊಂಡೆ... ಉಸಿರಿರಲಿಲ್ಲ.

"ಕಾಕಾ, ಬಿಡ್ರಿ ಅದನ್ನ. ಕಾಕಿ ಹೋದಳು."

ಕಾಕಾ ಬಂದ್ರು. ಹೆಂಡತಿ ಮುಖ ನೋಡಿದ್ರು, ರಾಡಿಗೈ ಅಂಗಿಗೆ ಒರಸಿಕೊಂಡು ಆಕಿ ಕಣ್ಣು ಮುಚ್ಚಿದ್ರು. ಆಮ್ಯಾಲ ಪಾನಾ ತಗೊಂಡು ಮತ್ತ ಬಾನೆಟ್ ಕಡೆ ಹೋಗಿ ಅದೇ ಬೋಲ್ಟಿಗೆ ಹಚ್ಚಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ. ಇನ್ನೆಲ್ಲಿಗೆ ಹೋಗಾಕ ಬಿಚ್ಚತೀರಿ ಅಂತ ಒದರಿದೆ.

"ಮನಿಗೆ ಒಯ್ಯಬೇಕಲ್ಲಬೇ," ಅಂದ್ರು.

ಬೋಲ್ಟು ಬಿಟ್ಟವು. ಪಂಪು ಕುಂತಿತು. ಹಳ್ಳದ ನೀರು ತುಂಬಿ, ಜೀಪು ತಿರುಗಿಸಿ, ಎಲ್ಲೂ ಜಗ್ಗದಂಗ ಮೆಲ್ಲಕ ಮನಿಗೆ ಕರಕೊಂಡು ಬಂದ್ರು. ಆ ಜೀಪು ಅಷ್ಟು ಚಂದ ಓಡಿದ್ದು ನಾ ನೋಡಿರಲಿಲ್ಲ.

ಈಗ ಕಾಕಾನೂ ಇಲ್ಲ. ಅವರು ಹೋದಮ್ಯಾಲ ಆ ದಾರಿಗೆ ಡಾಂಬರ ಬಿತ್ತು. ತವರಿಗೆ ಹೋಗುವಾಗ ತೊಗರಿ ಹೊಲ ಬರೂದ್ರಾಗ ನಾ ಕಿಟಕಿಯಿಂದ ಮುಖ ತಿರುಗಸ್ತೇನಿ. ಬಸ್ಸಿನವ ಅಲ್ಲಿ ಗೇರು ಸುದ್ದಾ ಬದಲಿಸೂದಿಲ್ಲ, ಸುರ್ರಂತ ದಾಟಿಬಿಡ್ತಾನ.