ಗಾಡಿಗೂ ಶನಿವಾರದ ಎಣ್ಣೆ

ಮೊಳಕಾಲಿಗೆ ಎಣ್ಣೆ ತಿಕ್ಕಲು ಈಗ ನಮ್ಮ ಮನೆಗೊಬ್ಬಳು ನರ್ಸ್ ಹುಡುಗಿ ಬರುತ್ತಾಳೆ. ಮೊನ್ನೆ ಬೆಳಿಗ್ಗೆ ಚಳಿಗೆ ಶೀಶೆಯೊಳಗಿನ ತೆಂಗಿನೆಣ್ಣೆ ಗಟ್ಟಿಯಾಗಿ ಕೂತಿತ್ತು. ಅವಳು ಶೀಶೆಯನ್ನು ಅಂಗಳದ ಬಿಸಿಲಿಗಿಟ್ಟು, ಕರಗಲಿ ಎಂದು ಕಾಯುತ್ತ ಕೂತಳು. ಇಬ್ಬರು ಎದುರುಬದುರು ಸುಮ್ಮನೆ ಕೂರುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ. "ನೀ ಯಾರ್ ಮನಿ ಹೆಣ್ಣ್?" ಎಂದು ಕೇಳಿದೆ.

"ಕುಂದಾಪ್ರದ ಪಾಲಿಶ್ ಕುಷ್ಟಣ್ಣನ ಮೊಮ್ಮಗಳ್ ನಾನ್. ನಮ್ಮಜ್ಜಯ್ಯ ಪಾಲಿಶ್ ಮಾಡ್ರೆ ಹಳಿ ಸಾಮಾನೂ ಹೊಸತಾತಿತ್ತಂಬ್ರ್. ಅದ್ಕೇ ಆ ಹೆಸ್ರ್" ಎಂದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಆ ಹೆಸರು ಹುಟ್ಟಿದ್ದು ನನ್ನ ಬಾಯಲ್ಲಿ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನಾಗ ಬ್ರಹ್ಮಾವರದಲ್ಲಿದ್ದುಕೊಂಡು ಇನ್ಶೂರೆನ್ಸ್ ಏಜೆಂಟನಾಗಿದ್ದೆ. ನಾಲಿಗೆ ಬಿಟ್ಟರೆ ಬೇರೆ ಬಂಡವಾಳ ಬೇಡದ ಉದ್ಯೋಗ. ಮಿಲಿಟರಿಯವರು ಹರಾಜು ಹಾಕಿದ ಒಂದು ಮೋಟಾರ್ ಸೈಕಲ್ಲು ಹೇಗೋ ನನ್ನ ಪಾಲಿಗೆ ಬಂತು. ಪೆಟ್ರೋಲಿಗೆ ಕೂಪನ್, ಹೊಳೆ ಬಂದಲ್ಲಿ ದೋಣಿ. ಗಾಡಿಯನ್ನು ದೋಣಿಗೆ ಹೇರಿ ದಾಟಿಸಬೇಕು. ಆದರೂ ಸಾಲಿಗ್ರಾಮದ ಪೇಟೆಯಲ್ಲಿ ನಾನು ಬರುವ ಸದ್ದಿಗೆ ಜನ ಅಂಗಡಿಯಿಂದ ಹೊರಗೆ ಬಂದು ನಿಲ್ಲುತ್ತಿದ್ದರೆಂದರೆ, ಇಪ್ಪತ್ತಾರರ ಹರೆಯದಲ್ಲಿ ಅದಕ್ಕಿಂತ ಹೆಚ್ಚಿನದೇನು ಬೇಕು ಹೇಳಿ. ನಾನು ಕಪ್ಪು ಕನ್ನಡಕ ಬೇರೆ ಹಾಕಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗ ನನಗೇ ನಾಚಿಕೆ.

ಗಾಡಿಯ ರಿಪೇರಿಗೆ ಇದ್ದವನು ಕುಂದಾಪುರದ ಕುಷ್ಟಣ್ಣನೊಬ್ಬನೇ. ಬೊಂಬಾಯಿಯ ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದು ಬಂದು, ದೋಣಿ ದಾಟುವ ಕಡವಿನ ಹತ್ತಿರ ತೆಂಗಿನ ಗರಿಯ ಮಾಡು ಹಾಕಿ ಕೂತಿದ್ದ. ಮಾತು ಕಡಿಮೆ. ಮೊದಲ ದಿನವೇ ಗಾಡಿಯ ಸುತ್ತ ಎರಡು ಸಲ ತಿರುಗಿ, "ಏಜೆಂಟ್ರೆ, ಕೀಲಿಗೆಲ್ಲ ವಾರಕ್ಕೊಂದ್ ಸಲ ಎಣ್ಣಿ ಹಾಕಿ, ಮರೀಬೇಡಿ" ಎಂದಿದ್ದ.

ಮರೆಯುವುದುಂಟೆ? ಶನಿವಾರ ಹೇಗೂ ನನ್ನ ಎಣ್ಣೆಸ್ನಾನದ ದಿನ. ಅಮ್ಮ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದಳು. ನನ್ನ ತಲೆಗೊಂದು ಅಂಗೈ, ಉಳಿದದ್ದು ಗಾಡಿಗೆ. ಚೈನಿಗೆ ಮುಗಿಸಿ, ಚಕ್ರದ ನಡುವಿನ ತೂತಿಗೂ ಧಾರಾಳವಾಗಿ ಬಿಡುತ್ತಿದ್ದೆ. ನಮ್ಮಲ್ಲಿ ಎಣ್ಣೆಯೆಂದರೆ ತೆಂಗಿನೆಣ್ಣೆ. ಯಾವ ಎಣ್ಣೆಯೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂರೇ ತಿಂಗಳಿಗೆ ಹಿಂದಿನ ಚಕ್ರದ ಬೇರಿಂಗ್ ಹೋಯಿತು. ಕುಷ್ಟಣ್ಣ ಹೊಸದು ಹಾಕಿದ. ಅದೂ ಹೋಯಿತು. ಮತ್ತೊಂದು ಹಾಕಿದ. ಅದು ಹೋದದ್ದು ಕೆರಾಡಿಯ ದಾರಿಯಲ್ಲಿ, ನಡು ಮಧ್ಯಾಹ್ನ. ಗಾಡಿ ದೂಡುತ್ತ ಬರುವಾಗ ಗದ್ದೆಯಿಂದ ಯಾರೋ ಕೂಗಿದರು: "ಹ್ವಾಯ್, ಗಾಡಿ ನಿಮ್ಮನ್ನ್ ಎಳುದಾ, ನೀವ್ ಗಾಡಿನ್ ಎಳುದಾ?" ಗದ್ದೆ ತುಂಬ ನಗು. ಕಪ್ಪು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡೆ.

ಮರುದಿನ ಎತ್ತಿನ ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೋದೆ. ಕುಷ್ಟಣ್ಣ ಬೇರಿಂಗನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ.

"ಎಣ್ಣಿ ಹಾಕ್ತ್ರಿ ಅಲ್ದಾ?"

"ಶನಿವಾರ ತಪ್ಪಿದ್ದಿಲ್ಲ."

"ಹಾಂಗಾರೆ ನಂಗೆ ಗೊತ್ತಾತಿಲ್ಲ ಮಾರಾಯ್ರೆ. ನಾನ್ ಹಾಕಿದ್ದ್ ಹೊಸತೇ" ಎಂದು ಇನ್ನೊಂದು ಹಾಕಿಕೊಟ್ಟ.

ಎಣ್ಣೆಯ ವಾಸನೆ ಅವನಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮೂರಲ್ಲಿ ತೆಂಗಿನೆಣ್ಣೆಯ ವಾಸನೆ ಯಾರ ಮೈಗಿಲ್ಲ? ಅವನ ತಲೆಯೂ ಅದೇ, ನನ್ನದೂ ಅದೇ.

ನನಗೆ ಕೆರಾಡಿಯ ನಗು ಇನ್ನೂ ಕಿವಿಯಲ್ಲಿತ್ತು. ಸೀದಾ ಎದುರಿನ ಹೋಟೆಲಿಗೆ ಹೋಗಿ, ಹತ್ತು ಜನರ ನಡುವೆ ಹೇಳಿದೆ: "ಹಳಿ ಬೇರಿಂಗಿಗೆ ಪಾಲಿಶ್ ಹೊಡ್ದ್ ಹೊಸತಂದ್ ಹಾಕ್ತ. ಕುಷ್ಟಣ್ಣ ಅಲ್ಲ ಅಂವ, ಪಾಲಿಶ್ ಕುಷ್ಟಣ್ಣ!" ಎಲ್ಲರೂ ನಕ್ಕರು. ಜನ ನಕ್ಕ ಮಾತನ್ನು ಏಜೆಂಟನಾದವನು ಒಂದೇ ಕಡೆ ಹೇಳಿ ಬಿಡುತ್ತಾನೆಯೇ? ಪಾಲಿಸಿ ಮಾಡಿಸಲು ಹೋದ ಮನೆಗಳಲ್ಲೆಲ್ಲ, ಬೈಂದೂರಿನ ತನಕ, ಬೆಲ್ಲ ನೀರು ಕುಡಿಯುತ್ತ ಹೇಳಿದೆ. ಬಸ್ಸಿನವರು ಅವನ ಹತ್ತಿರ ಹೋಗುವುದನ್ನು ಬಿಟ್ಟರು. ಮಳೆಗಾಲಕ್ಕೆ ಮೊದಲೇ ಅವನು ಮಾಡು ಕಳಚಿ, ಬೊಂಬಾಯಿಗೆ ಹೊರಟುಹೋದ.

ನಾಲ್ಕನೆಯ ಬೇರಿಂಗ್ ಹೋದಾಗ ಉಡುಪಿಗೆ ಒಯ್ದೆ. ಅಲ್ಲಿಯ ಮುದುಕ ಮೆಕ್ಯಾನಿಕ್ ಚಕ್ರ ಬಿಚ್ಚಿ, ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿದ. "ತೆಂಗಿನೆಣ್ಣೆ ತಲೆಗೆ ಸ್ವಾಮೀ, ಗಾಡಿಗಲ್ಲ. ನೀವು ಹಾಕಿ ಹಾಕಿ ಒಳಗಿನ ಗ್ರೀಸೆಲ್ಲ ಕರಗಿ ಸೋರಿದೆ. ಹೊಸ ಬೇರಿಂಗೇ ಆದರೂ ಎಷ್ಟು ದಿನ ತಡೆದೀತು?"

ಕುಷ್ಟಣ್ಣ ಹೇಳಿದ ಎಣ್ಣೆ ಬೊಂಬಾಯಿಯ ಗ್ಯಾರೇಜಿನದು. ನಾನು ಕೇಳಿಸಿಕೊಂಡದ್ದು ನಮ್ಮ ಅಡುಗೆಮನೆಯದು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಪೆದ್ದುತನ, ನಕ್ಕು ಬಿಡಬಹುದಿತ್ತು. ಆದರೆ ಬೈಂದೂರಿನ ತನಕ ಸುಳ್ಳು ಹೊತ್ತವನು ಈ ನಿಜವನ್ನು ನಮ್ಮ ಮನೆಯಲ್ಲೂ ಹೇಳಲಿಲ್ಲ. ಹೇಳಿದರೆ ಮತ್ತೆ ಆ ನಗು ಕೇಳಬೇಕಲ್ಲ! ಒಮ್ಮೆ ಅವನಿಗೆ ಕಾಗದ ಬರೆಯಲು ಕೂತೆ, ವಿಳಾಸ ಗೊತ್ತಿಲ್ಲವೆಂದು ಎದ್ದೆ. ಅವನ ತಮ್ಮ ಕುಂದಾಪುರದಲ್ಲೇ ಇದ್ದ. ಕೇಳಬಹುದಿತ್ತು, ಕೇಳಲಿಲ್ಲ. ಗಾಡಿಯನ್ನು ಯಾರಿಗೋ ದಾಟಿಸಿದೆ. ವರ್ಷಗಳು ಹೋದವು.

ಮೊನ್ನೆ ಆ ಹುಡುಗಿಗೆ ಇಷ್ಟನ್ನೂ ಹೇಳಿದೆ. ಹೆಸರಿಟ್ಟವನು ನಾನೇ ಎಂದೂ ಹೇಳಿದೆ. ಅವಳು ಎದ್ದು ಹೋಗುತ್ತಾಳೆಂದುಕೊಂಡಿದ್ದೆ. ಹೋಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಿಸಿಲಿಗಿಟ್ಟಿದ್ದ ಎಣ್ಣೆಯ ಶೀಶೆಯನ್ನು ಎತ್ತಿ ನೋಡಿದಳು.

"ಹಾಂಗಾರೆ ಅದ್ ಇದೇಯಾ" ಎಂದಳು. "ಅಜ್ಜಯ್ಯ ಬೊಂಬಾಯಲ್ಲಿ ಹೋಟ್ಲ್ ಕೆಲ್ಸಕ್ಕಿದ್ದಿರ್. ಮತ್ತೆ ಗಾಡಿ ಮುಟ್ಲಿಲ್ಲಂಬ್ರ್. ಸಾಯು ತನಕ ಕೈ ಕಂಡ್ಕಂಡ್ ಹೇಳ್ತಿದ್ದಿರ್, 'ಎಲ್ಲಾ ಸಮಾ ಹಾಕಿದ್ದೆ, ಆ ಬೇರಿಂಗ್ ಎಂತಕ್ ಹೋಯ್ತೋ' ಅಂದೇಳಿ."