ಸೌಟಮ್ಮ ಮೆಟ್ಟಿಲು ಹತ್ತಿದ್ದು

ಇಪ್ಪತ್ತೆರಡು ವರ್ಷ ತಪ್ಪದೆ ಯಾತ್ರೆ ಮಾಡಿದ ಪುಣ್ಯವಂತೆ ಎಂದು ಬೀದಿಯವರೆಲ್ಲ ಸೌಟಮ್ಮನನ್ನು ಕೊಂಡಾಡುತ್ತಿದ್ದರು. ಅಲ್ಲವೆನ್ನಲು ಆಕೆಗೂ ಮನಸ್ಸು ಬರುತ್ತಿರಲಿಲ್ಲ. ಯಾತ್ರಿಕರ ಬಸ್ಸಿನಲ್ಲಿ ಹೋಗುತ್ತಿದ್ದುದೇನೋ ನಿಜ, ಆದರೆ ಹೋಗುತ್ತಿದ್ದುದು ಅಡುಗೆಯವಳಾಗಿ. ನಲವತ್ತು ಜನ ಬೆಟ್ಟ ಹತ್ತಿ, ದೇವರನ್ನು ನೋಡಿ ಇಳಿಯುವಷ್ಟರಲ್ಲಿ ಬುಡದಲ್ಲಿ ಬಿಸಿ ಊಟ ಸಿದ್ಧವಿರಬೇಕು. ಮೇಲೆ ಹೋದವರು ಮರೆಯದೆ ಒಂದು ಪೊಟ್ಟಣ ಪ್ರಸಾದ ತಂದುಕೊಟ್ಟು, "ನಿಮಗೂ ದರ್ಶನ ಆದಂಗೇ ಬಿಡಿ" ಎನ್ನುತ್ತಿದ್ದರು. ಹೀಗೆ ಆಕೆಯ ಪಾಲಿಗೆ ದೇವರು ಪ್ರತಿವರ್ಷ ಕಾಗದ ಸುತ್ತಿಕೊಂಡು ತಾನೇ ಇಳಿದು ಬರುತ್ತಿದ್ದ.

ಈ ಸಲ ಹೊರಡುವ ಹಿಂದಿನ ದಿನ ಹೊಸ ಸೊಸೆ ಕೇಳಿಬಿಟ್ಟಳು: "ಅತ್ತೆ, ಆ ದೇವರ ಕಣ್ಣು ತೆರೆದಿರತ್ತಾ, ಮುಚ್ಚಿರತ್ತಾ?"

ಸೌಟಮ್ಮನಿಗೆ ಸುಳ್ಳು ಹೇಳಲು ಮನಸ್ಸಿಲ್ಲ, ನಿಜ ಹೇಳಿದರೆ ಮಾನ ಹೋಗುತ್ತದೆ. ಮೊಣಕಾಲು ನೋಡಿದ ಡಾಕ್ಟರು ಬೇರೆ, ಮುಂದಿನ ವರ್ಷಕ್ಕೆ ಮೆಟ್ಟಿಲಿನ ಮಾತೇ ಎತ್ತಬೇಡಿ ಎಂದಿದ್ದರು. ಈ ಸಲ ಹತ್ತಿಯೇ ಸೈ ಎಂದುಕೊಂಡಳು.

ಬೆಟ್ಟದ ಬುಡದಲ್ಲಿ ಎಲ್ಲರೂ ಮೇಲೆ ಹೊರಟ ಮೇಲೆ ಅಕ್ಕಿ ತೊಳೆದು, ಬೇಳೆ ನೆನೆಸಿ, ತರಕಾರಿ ಹೆಚ್ಚಿ, ಒಲೆಗೆ ಸೌದೆ ಜೋಡಿಸಿದಳು. ಹಚ್ಚಿಟ್ಟು ಹೋದರೆ ಅನ್ನ ಸೀದೀತು. ಹಾಗಾಗಿ ಬೆಂಕಿಪೊಟ್ಟಣವನ್ನು ಪಾತ್ರೆಯ ಮುಚ್ಚಳದ ಮೇಲೆ ಎದ್ದು ಕಾಣುವಂತೆ ಇಟ್ಟು ನಡೆದೇಬಿಟ್ಟಳು.

ಆರುನೂರು ಮೆಟ್ಟಿಲು. ಇನ್ನೂರಕ್ಕೇ ಮೊಣಕಾಲು ಮುಷ್ಕರ ಹೂಡಿತು. ಅದನ್ನು ಬೈದಳು, ರಮಿಸಿದಳು, ಕೊನೆಗೆ ಮೆಟ್ಟಿಲ ಮೇಲೆ ಕೂತು, ಕೈಯೂರಿ, ಮೈಯನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಕೊಂಡು ಏರಿದಳು. ಅರ್ಧದಾರಿಯಲ್ಲಿ ಇಳಿದು ಬರುತ್ತಿದ್ದ ಯಾತ್ರೆಯ ಯಜಮಾನರು ಆಕೆಯನ್ನು ಕಂಡು ಹೌಹಾರಿದರು.

"ಏನಮ್ಮಾ ಇದು! ಊಟ?"

"ಎಲ್ಲಾ ಅಣಿಯಾಗಿದೆ. ಬೆಂಕಿ ಹಚ್ಚಿದ್ರಾಯ್ತು."

"ಯಾರು ಹಚ್ಚೋದು?"

"ಹಸಿವಾದವರು ಹಚ್ಕೋತಾರೆ."

"ಅಡುಗೆಯವಳೆಲ್ಲಿ ಅಂತ ಜನ ಕೇಳಿದ್ರೆ ಏನು ಹೇಳ್ಲಿ?"

"ಯಾತ್ರೆಗೆ ಹೋಗಿದಾಳೆ ಅನ್ನಿ."

ಯಜಮಾನರು ಗೊಣಗುತ್ತ ಇಳಿದರು. ಸೌಟಮ್ಮ ಮೇಲೆ ತಲುಪುವಷ್ಟರಲ್ಲಿ ಗುಡಿಯ ಬಾಗಿಲು ಮುಚ್ಚಿತ್ತು. ಇನ್ನು ನಾಲ್ಕು ಗಂಟೆಗೇ ತೆರೆಯುವುದು ಎಂದ ಕಾವಲಿನವನು. ಬಸ್ಸು ಹೊರಡುವುದು ಮೂರಕ್ಕೆ. ಆಕೆಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಬಾಗಿಲಿನ ಎದುರು ಕಾಲು ಚಾಚಿ ಕೂತಳು. ಮೂರಕ್ಕೆ ಕೆಳಗಿಂದ ಬಸ್ಸಿನ ಹಾರನ್ನು ಕೇಳಿಸಿತು. ಮತ್ತೆ ಕೇಳಿಸಿತು. ಹೋದರೆ ಹೋಗಲಿ ಎಂದು ಆಕೆ ಜಪ್ಪಯ್ಯ ಎಂದರೂ ಏಳಲಿಲ್ಲ.

ನಾಲ್ಕಕ್ಕೆ ಬಾಗಿಲು ತೆರೆಯಿತು. ಎಲ್ಲರಿಗಿಂತ ಮೊದಲು ಒಳಗೆ ಹೋದವಳು ಸೌಟಮ್ಮ. ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದ್ದ ಬೇಡಿಕೆಗಳಲ್ಲಿ ಒಂದೂ ನೆನಪಾಗಲಿಲ್ಲ. ಕೈಮುಗಿದು ಸುಮ್ಮನೆ ನೋಡುತ್ತ ನಿಂತಳು. ಹಿಂದೆ ಸಾಲು ಬೆಳೆಯಿತು.

"ಅಮ್ಮಾ, ನೋಡಿದ್ದಾಯ್ತಲ್ಲ, ಬೇರೆಯವರಿಗೂ ಸ್ವಲ್ಪ ಜಾಗ ಬಿಡಿ" ಎಂದ ಕಾವಲಿನವನು.

"ಇಪ್ಪತ್ತೆರಡು ವರ್ಷ ಬಿಟ್ಟಿದೀನಪ್ಪಾ" ಎಂದಳು ಸೌಟಮ್ಮ. ನಿಂತಲ್ಲಿಂದ ಅಲುಗಾಡಲಿಲ್ಲ.