ಎಡಗೈಯಲ್ಲಿ ಮುಟ್ಟಿದವಳು

ಆ ಪೂಜೆಯ ಫೋಟೋ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟೆಲ್ಲ ಅವಳನ್ನು ತಂದು ಅಲ್ಲಿ ಕೂರಿಸಿದವರ ಮೇಲೆ.

ನಾನು ಬೆಂಗಳೂರಿನವಳು. ನೆದರ್‌ಲ್ಯಾಂಡ್ಸ್‌ಗೆ ಓದಲು ಬಂದು, ಡಚ್ ಕಲಿತು, ಕಾನೂನನ್ನು ಮತ್ತೆ ಮೊದಲಿನಿಂದ ಓದಿ, ಈಗ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿದ್ದೇನೆ. ನನ್ನ ಬಳಿ ಬರುವವರು ಹೆಚ್ಚಾಗಿ ಗಂಡನ ಹಿಂದೆ ಈ ದೇಶಕ್ಕೆ ಬಂದು, ಅವನ ಕೈಯಲ್ಲೇ ಏಟು ತಿಂದು ಮನೆ ಬಿಟ್ಟ ಹೆಂಗಸರು. ನಮ್ಮ ಜನ ನನ್ನನ್ನು 'ಡಿವೋರ್ಸ್ ಲಾಯರ್' ಅನ್ನುತ್ತಾರೆ. ಡಿವೋರ್ಸ್ ಕೇಸು ನಾನು ಮುಟ್ಟುವುದೇ ಇಲ್ಲ, ನನ್ನದು ವಲಸೆ ಕಾನೂನು. ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಪೂಜೆ, ಸೀಮಂತಗಳಿಗೆ ನನ್ನನ್ನು ಕರೆಯುವುದನ್ನು ಬಿಟ್ಟು ವರ್ಷಗಳೇ ಆದವು. ಕರೆದರೆ ಸಂಸಾರ ಒಡೆಯುತ್ತದಂತೆ!

ಆ ಹುಡುಗಿ ಮಂಗಳೂರಿನ ಕಡೆಯವಳು. ಗಂಡನಿಗೆ ಆಮರ್ಸ್‌ಫೋರ್ಟ್‌ನಲ್ಲಿ ದೊಡ್ಡ ಕೆಲಸ. ನಮ್ಮವರ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು 'ನಮ್ಮ ಸಂಸ್ಕೃತಿ, ನಮ್ಮ ಹೆಣ್ಣುಮಕ್ಕಳು' ಎಂದು ಗಂಟಲು ತುಂಬಿ ಮಾತಾಡುವ ಆಸಾಮಿ. ಮನೆಯೊಳಗೆ ಅವನ ಸಂಸ್ಕೃತಿ ಬೇರೆ ಇತ್ತು. ಒಂದು ದಿನ ಅವಳು ಐದು ವರ್ಷದ ಮಗಳನ್ನು ಶಾಲೆಯಿಂದ ನೇರವಾಗಿ ಕರೆದುಕೊಂಡು ಹೆಂಗಸರ ಆಶ್ರಯ ಮನೆ ಸೇರಿದಳು. ಅಲ್ಲಿಂದ ನನ್ನ ಬಳಿಗೆ ಬಂದಳು.

ಇಲ್ಲಿ ಗಂಡನ ವೀಸಾದ ಮೇಲೆ ಬಂದ ಹೆಂಡತಿಯ ವಾಸದ ಪರವಾನಗಿ ಗಂಡನಿಗೇ ಗಂಟುಬಿದ್ದಿರುತ್ತದೆ. ಸಂಸಾರ ಮುರಿದರೆ ಅದೂ ಹೋಯಿತು. ಹಿಂಸೆಯಿಂದಲೇ ಮುರಿಯಿತು ಎಂದು ತೋರಿಸಿಕೊಟ್ಟವಳಿಗೆ ಮಾತ್ರ ಸ್ವಂತ ಹಕ್ಕಿನ ಮೇಲೆ ಉಳಿಯಲು ದಾರಿಯುಂಟು. ತೋರಿಸಲಾಗದಿದ್ದರೆ ಇವಳು ವಿಮಾನ ಹತ್ತಬೇಕು. ಮಗಳು ಹತ್ತುವಂತಿಲ್ಲ. ಅಪ್ಪ ಒಪ್ಪದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯುವ ಹಾಗಿಲ್ಲ, ಅವನು ಒಪ್ಪುವುದಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ಹೊಡೆಯುವವನ ಮನೆಯಲ್ಲಿ ಮಗು, ಸಮುದ್ರದಾಚೆ ತಾಯಿ.

ಕೆಲವು ವರ್ಷಗಳ ಹಿಂದಾಗಿದ್ದರೆ ಪೊಲೀಸ್ ದೂರು, ಆಶ್ರಯ ಮನೆಯವರ ಹೇಳಿಕೆ ಇಟ್ಟು ನಾನು ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತಿದ್ದೆ. ಈಗ ಸರ್ಕಾರ ಬೀಳುವುದು, ಏಳುವುದು, ಪ್ರತಿ ಹೊಸ ಮಂತ್ರಿಗೂ ತಾನು ಹಿಂದಿನವನಿಗಿಂತ ಬಿಗಿ ಎಂದು ತೋರಿಸುವ ಚಟ. ಕಾನೂನಿನ ಪುಸ್ತಕ ಅದೇ ಇದ್ದರೂ ಮೇಜಿನಾಚೆಯ ವಲಸೆ ಇಲಾಖೆಯವರು 'ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ' ಎಂಬಲ್ಲಿಂದಲೇ ಶುರುಮಾಡುತ್ತಿದ್ದರು. ಸ್ವಂತ ಹಕ್ಕಿನ ಪರವಾನಗಿಗೆ ನಾನು ಹಾಕಿದ ಅವಳ ಅರ್ಜಿ ಬಿದ್ದುಹೋಯಿತು. ಕಾರಣ ಆ ಫೋಟೋ, ಗಂಡನೇ ಕಳಿಸಿದ್ದು. ಇವಳು ಮನೆ ಬಿಟ್ಟ ಮೇಲೆ ನಮ್ಮವರ ಹಾಲ್‌ನಲ್ಲಿ ನಡೆದ ಸತ್ಯನಾರಾಯಣ ಪೂಜೆ. ರೇಷ್ಮೆ ಸೀರೆಯುಟ್ಟು ಗಂಡನ ಪಕ್ಕ ಮಣೆಯ ಮೇಲೆ ಕೂತಿದ್ದಾಳೆ, ಅವನ ತೋಳನ್ನು ಮುಟ್ಟಿಕೊಂಡಿದ್ದಾಳೆ. ಪತಿಯ ತೋಳನ್ನು ಸ್ವಇಚ್ಛೆಯಿಂದ, ಆತ್ಮೀಯವಾಗಿ ಹಿಡಿದಿರುವುದರಿಂದ ಹಿಂಸೆಯ ಮಾತು ನಂಬಲರ್ಹವಲ್ಲ ಎಂದು ಇಲಾಖೆ ಬರೆದಿತ್ತು. ಆತ್ಮೀಯವಂತೆ! ಸಂಕಲ್ಪದ ಹೊತ್ತಿಗೆ ಹೆಂಡತಿ ಗಂಡನ ಕೈ ಮುಟ್ಟದಿದ್ದರೆ ಪುರೋಹಿತರು ಮಂತ್ರವನ್ನೇ ಮುಂದುವರಿಸುವುದಿಲ್ಲ ಕಣ್ರಯ್ಯ.

ಅವಳನ್ನು ಕರೆಸಿ ಚೆನ್ನಾಗಿ ಬೈದೆ.

"ಯಾಕೇ ಹೋದೆ ಅಲ್ಲಿಗೆ?"

"ಅತ್ತೆಯ ಹರಕೆ ಅಕ್ಕ. ಹೆಂಡತಿ ಕೂರದೆ ಪೂಜೆ ಆಗುದಿಲ್ಲ ಅಂತ ಹಾರ್ಲೆಮ್ ಆಂಟಿ ಫೋನ್ ಮಾಡಿದ್ರು. ಒಂದು ದಿನದ ಮಟ್ಟಿಗೆ ಬಾ, ಮುಗಿಸಿ ಹೋಗು ಅಂದ್ರು. ದೇವರ ಕೆಲಸಕ್ಕೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

"ಹೊಡೆದವನ ಪಕ್ಕ ಕೂತ್ಕೊಳ್ಳೋಕೆ ಮನಸ್ಸು ಬಂತಾ?"

"ನಾನು ದೇವರ ಎದುರು ಕೂತದ್ದು," ಎಂದಳು. ಇದಕ್ಕೆ ಡಚ್‌ನಲ್ಲಿ ಏನೆಂದು ವಾದ ಬರೆಯಲಿ?

ಆ ಆಂಟಿ ಹಾರ್ಲೆಮ್‌ನಲ್ಲಿದ್ದಾರೆ. ಉಡುಪಿಯವರು. ಇಲ್ಲಿನ ನಮ್ಮವರ ಮದುವೆ, ಮುಂಜಿ, ಜಗಳ, ರಾಜಿ ಯಾವುದೂ ಅವರನ್ನು ಬಿಟ್ಟು ನಡೆಯುವುದಿಲ್ಲ. ಪೂಜೆಗೆ ಅವಳನ್ನು ಕರೆಸಿದ್ದು ತಾನೇ, ರಾಜಿ ಮಾಡಿಸಲು ಅದೊಂದು ಉಪಾಯ ಎಂದು ಅವರು ಬರೆದುಕೊಟ್ಟರೆ ಮೇಲ್ಮನವಿಗೆ ಸಾಕಿತ್ತು. ಶನಿವಾರ ರೈಲು ಹತ್ತಿ ಹೋದೆ. ಬನ್ಸ್ ತಂದಿಟ್ಟರು. ಬಹಳ ರುಚಿಯಾಗಿತ್ತು, ಅದೂ ನನಗೆ ಸಿಟ್ಟು ತರಿಸಿತು.

"ನೋಡಿ, ಈ ಕೋರ್ಟು ಕಚೇರಿ ರಗಳೆ ನಮಗೆ ಬೇಡ," ಎಂದರು. "ಹೊಡೆದದ್ದು ನಾನು ಕಂಡಿದ್ದೇನಾ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ."

"ಉಂಡು ಮಲಗಿದ ಮೇಲೇ ಅವನು ಶುರು ಮಾಡ್ತಿದ್ದಿದ್ದು ಆಂಟಿ."

ಅವರ ಮುಖ ಕೆಂಪಾಯಿತು. "ನೀವು ಅವಳ ಮಾತು ಕೇಳಿ ಕುಣೀತೀರಿ. ಅವಳಿಗೆ ಒಂದು ಸಂಸ್ಕಾರ ಉಂಟಾ? ಸಂಕಲ್ಪಕ್ಕೆ ಗಂಡನ ಕೈ ಮುಟ್ಟುದು ಎಡಗೈಯಲ್ಲಿ! ಅಷ್ಟು ಜನರ ಎದುರು! ಬಲಗೈ ಮಾರಾಯ್ತಿ, ಬಲಗೈ ಅಂತ ನಾನು ಹೇಳ್ತೇನೆ, 'ಆಗುದಿಲ್ಲ ಆಂಟಿ' ಅಂತ ನನಗೇ ಎದುರು ಮಾತಾಡ್ತಾಳೆ. ಭಟ್ರು ಸಹ ಹೇಳಿದ್ರು. ಊಹೂಂ!"

ಕೈಯಲ್ಲಿದ್ದ ಬನ್ಸ್ ತಟ್ಟೆಗೆ ಹಾಕಿದೆ. ಫೋನ್ ತೆಗೆದು ಫೋಟೋ ನೋಡಿದೆ. ಇಷ್ಟು ದಿನ ಅವಳ ಮುಖವನ್ನೇ ನೋಡಿಕೊಂಡಿದ್ದೆ. ಅವನ ತೋಳಿನ ಮೇಲಿರುವುದು ಎಡಗೈ, ಹೌದು. ಬಲಗೈ ಮಡಿಲಲ್ಲಿ, ಸೆರಗಿನ ಒಳಗೆ. ನಮ್ಮ ಕಡೆಯ ಹೆಣ್ಣುಮಗಳು, ದೇವರ ಮುಂದೆ, ಎಡಗೈ! ನಿದ್ದೆಗಣ್ಣಲ್ಲಿದ್ದರೂ ಹಾಗೆ ಮಾಡುವುದಿಲ್ಲ.

ಹಿತ್ತಿಲಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ. "ನಿನ್ನ ಬಲಗೈಗೆ ಏನಾಗಿತ್ತೇ ಅವತ್ತು?"

ಸಣ್ಣ ದನಿಯಲ್ಲಿ ಹೇಳಿದಳು. "ಸೀರೆ ಉಡ್ಲಿಕ್ಕೆ ಅಂತ ಬೆಳಿಗ್ಗೆ ಮನೆಗೆ ಹೋದದ್ದು ಅಕ್ಕ. ಅಲ್ಲಿ ಅವರು ಕೈ ಹಿಡಿದು ತಿರುಚಿದ್ರು. ಟಕ್ ಅಂತ ಶಬ್ದ ಬಂತು. ಆಶ್ರಯ ಮನೆಯವರು ಹೋಗ್ಬೇಡ ಅಂದಿದ್ರು, ನಾನು ಕೇಳ್ಳಿಲ್ಲ. ವಾಪಸ್ ಬಂದು ಬಿದ್ದೆ ಅಂತ ಹೇಳಿದೆ. ಯಾವ ಮುಖ ಇಟ್ಕೊಂಡು ನಿಜ ಹೇಳುದು?"

ಆ ಹಿತ್ತಿಲಲ್ಲಿ ನಿಂತು ನಾನು ಅತ್ತೆ. ದುಃಖಕ್ಕಲ್ಲ, ರೋಷಕ್ಕೆ. ಮುರಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಥೆ ಮುಗಿಯುವವರೆಗೂ ಕೂತಿದ್ದಾಳೆ, ಹಾಲ್ ತುಂಬಾ ಜನ ಸಪಾದಭಕ್ಷ್ಯದ ಪ್ರಸಾದ ತಿಂದು ಕೈ ತೊಳೆದು ಹೋಗಿದ್ದಾರೆ. ಎಡಗೈ ಎಲ್ಲರ ಕಣ್ಣಿಗೂ ಬಿದ್ದಿದೆ. ಬಲಗೈ ಎಲ್ಲಿ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ.

ಮುಖ ತೊಳೆದುಕೊಂಡು ಒಳಗೆ ಬಂದೆ.

"ಆಂಟಿ, ನೀವು ಅವಳ ಪರವಾಗಿ ಒಂದಕ್ಷರ ಬರೀಬೇಡಿ. ಈಗ ಹೇಳಿದ್ರಲ್ಲ, ಎಡಗೈ ವಿಷಯ, ಅಷ್ಟೇ ಬರೆದು ಸಹಿ ಹಾಕಿ. ಅವಳ ಕೇಸಿನ ಫೈಲಿಗೇ ಹಾಕ್ತೀನಿ."

"ಅವಳ ತಪ್ಪು ಬರೀಲಿಕ್ಕಾ?"

"ನೀವು ಕಂಡಿದ್ದನ್ನ ಕಂಡ ಹಾಗೆ."

"ಅದಕ್ಕೆ ನನಗೆ ಎಂತ ಹೆದರಿಕೆ? ಕೊಡಿ ಪೆನ್ನು." ಕನ್ನಡಕ ಹಾಕಿಕೊಂಡು ಗುಂಡಗುಂಡಗೆ ಒಂದು ಪುಟ ಬರೆದರು. ಎಷ್ಟು ಹೇಳಿದರೂ ಬಲಗೈ ಎತ್ತಲೇ ಇಲ್ಲ, ಕುಂಕುಮವನ್ನೂ ಎಡಗೈಯಲ್ಲೇ ಇಟ್ಟುಕೊಂಡಳು, ತೀರ್ಥಕ್ಕೂ ಎಡಗೈ ಚಾಚಿದಳು, ಇಂಥ ಅನಾಚಾರ ತಾನು ಹುಟ್ಟಿದ ಮೇಲೆ ಕಂಡಿಲ್ಲ ಎಂದು. ಬರೆಯುವಾಗ ಅವರ ಮುಖದಲ್ಲಿ ಎಂಥ ಸಂತೋಷ!

ಮೇಲ್ಮನವಿಯ ವಿಚಾರಣೆಯಲ್ಲಿ ಎದುರಿಗೆ ಕೂತ ಅಧಿಕಾರಿಗೆ ನಮ್ಮ ಮುಖ ನೋಡುವ ಪುರುಸೊತ್ತೂ ಇರಲಿಲ್ಲ. ಆಮೇಲೆ ತೆಗೆಸಿದ್ದ ಬಲಗೈಯ ಕ್ಷ-ಕಿರಣದ ಚಿತ್ರ ಕೊಟ್ಟೆ. ಮಣಿಕಟ್ಟಿನ ಮೂಳೆ ಮುರಿದು ಸೊಟ್ಟಗೆ ಕೂಡಿದೆ ಎಂದು ಡಾಕ್ಟರು ಬರೆದಿದ್ದರು.

"ಮೂಳೆ ಯಾವಾಗ ಮುರಿಯಿತೆಂದು ಇದು ಹೇಳುವುದಿಲ್ಲ," ಎಂದ.

"ಇದು ಹೇಳುತ್ತದೆ," ಎಂದು ಆಂಟಿಯ ಪುಟವನ್ನೂ ಅದರ ಡಚ್ ಅನುವಾದವನ್ನೂ ಮುಂದಿಟ್ಟೆ. ಓದಿ ಹುಬ್ಬೇರಿಸಿದ. "ಇದು ನಿಮ್ಮ ಕಕ್ಷಿದಾರಳ ವಿರುದ್ಧವೇ ಇದೆಯಲ್ಲ?"

"ಹೌದು. ಅವಳನ್ನು ಕಂಡರಾಗದವರು ಬರೆದದ್ದು. ನೀವು ನಂಬುವ ಸಾಕ್ಷಿ ಇಂಥದೇ ಅಲ್ಲವೆ?" ಎಂದೆ. ನನ್ನ ದನಿ ಏರಿತ್ತು, ಏರಲಿ. ಪಕ್ಕಕ್ಕೆ ತಿರುಗಿ ಕನ್ನಡದಲ್ಲಿ ಹೇಳಿದೆ. "ಬಲಗೈಲಿ ತೀರ್ಥ ತಗೊಳ್ಳೋದು ಹೇಗೆ, ಇವರಿಗೆ ತೋರಿಸು."

ಅವಳು ಕೈ ಚಾಚಿದಳು. ಅಂಗೈ ಅರ್ಧ ತಿರುಗಿ ನಿಂತಿತು, ಮೇಲಕ್ಕೆ ಬರಲೇ ಇಲ್ಲ. ಎಡಗೈಯಿಂದ ಹಿಡಿದು ತಿರುಗಿಸಲು ನೋಡಿ, ತುಟಿ ಕಚ್ಚಿದಳು. ಅಧಿಕಾರಿ ಆಗ ಮೊದಲ ಸಲ ಅವಳನ್ನು ನೋಡಿದ.

ಪರವಾನಗಿ ಬಂತು. ಕ್ಷಮೆಯ ಒಂದು ಮಾತೂ ಅದರ ಜೊತೆ ಬರಲಿಲ್ಲ. ಅದೇ ವಾರ ನನ್ನ ಇನ್ನೊಬ್ಬ ಕಕ್ಷಿದಾರಳ ಅರ್ಜಿ ಬಿತ್ತು. ಅವಳನ್ನು ದೂರುವುದಕ್ಕೂ ಯಾರೂ ಇರಲಿಲ್ಲ, ಪಾಪ.

ಸುದ್ದಿ ತಿಳಿದು ಆಂಟಿ ಫೋನಿನಲ್ಲಿ ಕಿರುಚಿದರು. "ನೀವು ನನ್ನ ಕೈಯಲ್ಲಿ ಎಂತ ಬರೆಸಿದ್ದು?"

"ಆ ಕೈ ಅವತ್ತು ಬೆಳಿಗ್ಗೆ ಅವನು ಮುರಿದಿದ್ದ ಆಂಟಿ," ಎಂದೆ. ಫೋನ್ ಇಟ್ಟರು.

ಗಣೇಶ ಚತುರ್ಥಿಗೆ ಮಗಳು ಡಚ್‌ನಲ್ಲಿ ಹಟ ಹಿಡಿದಳೆಂದು, ಗಂಡ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳು ಅದೇ ಹಾಲ್‌ಗೆ ಹೋದಳು. ಕರೆಯದಿದ್ದರೂ ನಾನೂ ಹೋದೆ, ಯಾರು ಏನನ್ನುತ್ತಾರೋ ನೋಡೇಬಿಡೋಣ ಎಂದು. ತೀರ್ಥ ಕೊಡುತ್ತಿದ್ದವರು ಆಂಟಿ. ಸಾಲು ಸರಿಯಿತು. ಅವಳ ಸರದಿ ಬಂದಾಗ ಎಡಗೈ ಚಾಚಿದಳು.

"ಬಲ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಆಗುದಿಲ್ಲ ಆಂಟಿ," ಎಂದಳು ಅವಳು. "ಅವತ್ತೂ ಹೇಳಿದ್ದೆ."

ಆಂಟಿ ಕಣ್ಣು ಆಚೆ ತಿರುಗಿಸಿದರು, ಸೌಟಿನ ತೀರ್ಥ ನೆಲಕ್ಕೆ ಚೆಲ್ಲಿತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಆಂಟಿ ಇನ್ನೊಂದು ಸೌಟು ತೆಗೆದು ಆ ಎಡಗೈಗೇ ಹಾಕುವವರೆಗೂ ಹಾಗೆಯೇ ಚಾಚಿಕೊಂಡು ನಿಂತಳು.